ತೇಲುವ ಮನೆಗೆ ನೇತ್ರಾವತಿ ಒಪ್ಪುತ್ತಾಳೆಯೇ?

ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 2019ರ ಆಗಸ್ಟ್ ಎರಡನೇ ವಾರದಲ್ಲಿ ನೀರು 11 ಮೀಟರನ್ನೂ ದಾಟಿತು. ಪಾಣೆಮಂಗಳೂರಿನ ಆಲಡ್ಕ, ಗೂಡಿನಬಳಿ, ಬಂಟ್ವಾಳ ಪೇಟೆಯ ತಗ್ಗಿನ ಕೇರಿಗಳು ಮುಳುಗಿದವು. ಕೇಂದ್ರದ ಮಾಜಿ ಸಚಿವ ಜನಾರ್ದನ ಪೂಜಾರಿಯವರ ಮನೆಗೂ ನೀರು ನುಗ್ಗಿ, ಅವರನ್ನು ಬೇರೆಡೆಗೆ ಕರೆದೊಯ್ಯಬೇಕಾಯಿತು. ಅದೇ ದಿನಗಳಲ್ಲಿ ಮೇಲೆ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ನಡೆದದ್ದು ಇನ್ನೂ ಘೋರ. ಚಾರ್ಮಾಡಿ, ದಿಡುಪೆ, ಕುಕ್ಕಾವು, ಮಿತ್ತಬಾಗಿಲು ಕಡೆ ಗುಡ್ಡ ಜರಿದು ಸೇತುವೆಗಳು ಕೊಚ್ಚಿಹೋದವು. ಕೊಳಂಬೆಯಲ್ಲಿ ಗದ್ದೆ, ತೋಟ, ಮನೆಯಂಗಳಗಳ ಮೇಲೆ ಮರಳಿನ ಹಾಸು ಬಿದ್ದಿತು.

ಇಂಥ ಪ್ರತಿ ನೆರೆಯ ಬಳಿಕ ಒಂದು ಪ್ರಶ್ನೆ ಬರುತ್ತದೆ. ಹಾಲೆಂಡಿನವರು ತೇಲುವ ಮನೆ ಕಟ್ಟಿಕೊಂಡಿದ್ದಾರಂತೆ, ನಮಗೇಕೆ ಆಗಬಾರದು? ಕೇಳಬೇಕಾದ ಪ್ರಶ್ನೆಯೇ ಇದು. ವರ್ಷ ವರ್ಷವೂ ಹಾಸಿಗೆ, ಗ್ಯಾಸ್ ಸಿಲಿಂಡರ್, ಮಕ್ಕಳ ಪುಸ್ತಕ ಕಟ್ಟಿಕೊಂಡು ಶಾಲೆಯ ಕಟ್ಟಡದಲ್ಲಿ ಹೋಗಿ ಕೂರುವವರಿಗೆ ಉತ್ತರ ಕೊಡಲೇಬೇಕು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರಕ್ಕೂ ಒಂದೇ ಉತ್ತರ ಸಾಧ್ಯವಿಲ್ಲ. ಪಕ್ಕಪಕ್ಕದ ತಾಲೂಕುಗಳಾದರೂ ಮೂರರಲ್ಲಿ ನೀರು ಮೂರು ರೀತಿಯಲ್ಲಿ ವರ್ತಿಸುತ್ತದೆ. ಒಂದು ಕಡೆ ಉರುಳಿ ಬರುತ್ತದೆ, ಒಂದು ಕಡೆ ಏರಿ ಬರುತ್ತದೆ, ಇನ್ನೊಂದು ಕಡೆ ನಿಲ್ಲುತ್ತದೆ. ತೇಲುವ ಮನೆ ನಮಗೆ ಹೊಂದುತ್ತದೋ ಇಲ್ಲವೋ ಎನ್ನುವುದೆಲ್ಲ ಈ ವ್ಯತ್ಯಾಸದಲ್ಲಿದೆ.

ಮೊದಲು, ಹೊರಗೆ ಏನಾಗಿದೆ ಎಂದು ನೋಡೋಣ. ತೇಲುವ ಮನೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಕಾಶ್ಮೀರದ ದಾಲ್ ಸರೋವರದ ದೋಣಿಮನೆ, ಕುಟ್ಟನಾಡಿನ ಕೆಟ್ಟುವಳ್ಳಂ, ಉಡುಪಿ ಹತ್ತಿರ ಸ್ವರ್ಣಾ ನದಿಯ ಹಿನ್ನೀರಿನಲ್ಲಿ ಪ್ರವಾಸಿಗರಿಗಾಗಿ ಓಡುವ ದೋಣಿಗಳು. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಮೀನುಗಾರರು ತೇಲುವ ಜೊಂಡಿನ ದಿಬ್ಬಗಳ ಮೇಲೆ ಗುಡಿಸಲು ಹಾಕಿಕೊಂಡು ಬದುಕುತ್ತಾ ಬಂದಿದ್ದಾರೆ. 2011ರಲ್ಲಿ ಸರೋವರ ರಕ್ಷಣೆಯ ಹೆಸರಿನಲ್ಲಿ ಅಂಥ ನೂರಾರು ಗುಡಿಸಲುಗಳನ್ನು ಸುಡಲಾಯಿತು. ಇವೆಲ್ಲ ವರ್ಷವಿಡೀ ನೀರಿನ ಮೇಲೇ ಇರುವ ಮನೆಗಳು. ನಮಗೆ ಬೇಕಾದದ್ದು ಬೇರೆ ಜಾತಿಯದು. ವರ್ಷದ ಹನ್ನೊಂದು ತಿಂಗಳು ನೆಲದ ಮೇಲೆ ಕೂತಿದ್ದು, ನೆರೆ ಬಂದ ನಾಲ್ಕು ದಿನ ಮಾತ್ರ ಎದ್ದು ನಿಲ್ಲುವ ಮನೆ. ಇದನ್ನು ಉಭಯಚರ ಮನೆ ಎನ್ನಬಹುದು.

ಇದರ ಹೆಸರಾಂತ ಮಾದರಿ ನೆದರ್‌ಲ್ಯಾಂಡ್ಸಿನ ಮಾಸ್ ನದಿಯ ದಂಡೆಯ ಮಾಸ್‌ಬೊಮ್ಮೆಲ್‌ನಲ್ಲಿದೆ. 2005ರ ಸುಮಾರಿಗೆ ಅಲ್ಲಿ 32 ಉಭಯಚರ ಮನೆಗಳು, 14 ಸದಾ ತೇಲುವ ಮನೆಗಳು ಸಿದ್ಧವಾದವು. ಮನೆಯ ತಳದಲ್ಲಿ ಅಡಿಪಾಯದ ಬದಲು ಟೊಳ್ಳು ಕಾಂಕ್ರೀಟಿನ ದೊಡ್ಡ ತೊಟ್ಟಿ ಇರುತ್ತದೆ. ನೀರು ಏರಿದಂತೆ ತೊಟ್ಟಿಯ ಸಮೇತ ಮನೆ ಏಳುತ್ತದೆ, ಪಕ್ಕದಲ್ಲಿ ನೆಟ್ಟ ಕಂಬಗಳು ಅದು ಅತ್ತಿತ್ತ ಸರಿಯದಂತೆ ಹಿಡಿಯುತ್ತವೆ. ಐದೂವರೆ ಮೀಟರಿನಷ್ಟು ಏಳುವ ಅವಕಾಶ ಇದೆ. ವಿದ್ಯುತ್ತು, ನೀರು, ಕೊಳಚೆಯ ಕೊಳವೆಗಳೆಲ್ಲ ಬಾಗುವಂಥವು. 2011ರ ಜನವರಿಯಲ್ಲಿ ಈ ಮನೆಗಳು ಮೊದಲ ಸಲ ನಿಜವಾಗಿ ಎದ್ದವು, ಆಮೇಲೆ ತಮ್ಮ ಜಾಗದಲ್ಲೇ ಇಳಿದು ಕೂತವು. ಇಂಗ್ಲೆಂಡಿನ ಮಾರ್ಲೋದಲ್ಲಿ ಥೇಮ್ಸ್ ನದಿಯ ದ್ವೀಪವೊಂದರ ಮೇಲೂ ಎರಡೂವರೆ ಮೀಟರ್ ಏಳಬಲ್ಲ ಮನೆ ಇದೆ.

ಇವು ದುಡ್ಡಿದ್ದವರ ಮನೆಗಳು. ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಲೂಯಿಸಿಯಾನಾದ ಓಲ್ಡ್ ರಿವರ್ ಲ್ಯಾಂಡಿಂಗ್ ಎಂಬಲ್ಲಿಯ ಕತೆ. ಅಲ್ಲಿ ವಾಸ್ತುಶಿಲ್ಪಿಗಳು ಬರುವುದಕ್ಕೆ ಎಷ್ಟೋ ಮೊದಲೇ ಸಾಮಾನ್ಯ ಜನ ತಮ್ಮ ಮರದ ಮನೆಗಳ ಅಡಿಗೆ ಥರ್ಮೋಕೋಲಿನಂಥ ಹಗುರ ದಿಮ್ಮಿಗಳನ್ನು ತೂರಿಸಿ, ನಾಲ್ಕು ಮೂಲೆಗೆ ಕಂಬ ನೆಟ್ಟುಕೊಂಡರು. ಪ್ರತಿವರ್ಷದ ನೆರೆಗೆ ಮನೆಗಳು ಏಳುತ್ತವೆ, ಇಳಿಯುತ್ತವೆ. ಇದನ್ನು ನೋಡಿಯೇ ಎಲಿಜಬೆತ್ ಇಂಗ್ಲಿಷ್ ಎಂಬ ಪ್ರಾಧ್ಯಾಪಕಿ 2006ರಲ್ಲಿ, ಕತ್ರಿನಾ ಚಂಡಮಾರುತದ ಬಳಿಕ, ಹಳೆಯ ಮನೆಗಳನ್ನೇ ತೇಲುವಂತೆ ಮಾಡುವ ಯೋಜನೆಯೊಂದನ್ನು ಶುರುಮಾಡಿದರು. ಢಾಕಾದಲ್ಲಿ ವಾಸ್ತುಶಿಲ್ಪಿ ಪೃಥುಲಾ ಪ್ರಸೂನ್ 2010ರಲ್ಲಿ ಬಡವರಿಗಾಗಿ ಕಟ್ಟಿಸಿದ ಪ್ರಯೋಗದ ಬಿದಿರಿನ ಮನೆಗಳಲ್ಲಿ ಒಂದು ತೇಲಿದ್ದು ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಬಲದಿಂದ. ನಮ್ಮ ನೆಲಕ್ಕೆ ಹತ್ತಿರವಾದ ಉದಾಹರಣೆಗಳು ಇವೇ.

ಈ ಎಲ್ಲ ಕಡೆಯೂ ನೆರೆಯ ನೀರು ನಿಧಾನವಾಗಿ ಏರುವಂಥದ್ದು, ಏರಿದ ಮೇಲೆ ಹೆಚ್ಚುಕಡಿಮೆ ನಿಂತಿರುವಂಥದ್ದು.

ಈಗ ನೇತ್ರಾವತಿಯ ಸಂಗತಿಗೆ ಬರೋಣ. ಕುದುರೆಮುಖದ ಕಡೆಯ ಘಟ್ಟದಲ್ಲಿ ಸಾವಿರ ಮೀಟರಿಗೂ ಎತ್ತರದಲ್ಲಿ ಹುಟ್ಟಿ, ಬರೇ ನೂರು ಕಿಲೋಮೀಟರಿನಷ್ಟು ಹರಿದು ಸಮುದ್ರ ಸೇರುವ ನದಿ ಇದು. ಆ ಎತ್ತರದ ಬಹುಪಾಲನ್ನು ಬೆಳ್ತಂಗಡಿ ತಾಲೂಕಿನ ಮೂಡು ಅಂಚಿನಲ್ಲೇ ಧುಮುಕಿಬಿಡುತ್ತದೆ. ಚಾರ್ಮಾಡಿಯಿಂದ ಬರುವ ಮೃತ್ಯುಂಜಯ ಹೊಳೆ ಪಜಿರಡ್ಕದಲ್ಲಿ ಸೇರುತ್ತದೆ, ನೆರಿಯ ಕಡೆಯ ಅಣಿಯೂರು ಹೊಳೆ, ಬೆಳ್ತಂಗಡಿ ಪೇಟೆಯ ಪಕ್ಕದ ಸೋಮಾವತಿ ಎಲ್ಲವೂ ಘಟ್ಟದಿಂದ ನೇರ ಇಳಿದು ಬರುವವೇ. ಘಟ್ಟದಲ್ಲಿ ಮಳೆ ಬಿರುಸಾದರೆ ಕೆಳಗಿನವರಿಗೆ ಸಿಗುವ ಸಮಯ ತೀರ ಕಡಿಮೆ. ಬರುವುದೂ ನೀರೊಂದೇ ಅಲ್ಲ. ಬುಡಸಮೇತ ಕಿತ್ತ ಮರಗಳು, ಬಂಡೆ, ಮರಳು, ಕೆಸರು ಒಟ್ಟಿಗೇ ಬರುತ್ತವೆ.

ಸಣ್ಣ ಲೆಕ್ಕವೊಂದು ಇದನ್ನು ಬಿಡಿಸಿ ಹೇಳುತ್ತದೆ. ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದು ಗೋಡೆಗೆ ಬಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 50 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ 3 ಮೀಟರ್ ಆದರೆ ಒತ್ತಡ ಮೂರು ಪಟ್ಟಲ್ಲ, ಒಂಬತ್ತು ಪಟ್ಟು: 450 ಕಿಲೋ. ಇದು ಬರೀ ನೀರಿನದು. ನಡುವೆ ಒಂದು ಮರದ ದಿಮ್ಮಿ ಬಂದು ಗುದ್ದಿದರೆ ಯಾವ ಲೆಕ್ಕವೂ ಉಳಿಯುವುದಿಲ್ಲ. ಮನೆ ಹಿಡಿದ ಕಂಬ ಬಾಗಿದರೆ ಆ ಮನೆ ಏಳಲಾರದು, ಇಳಿಯಲಾರದು. ಕಿತ್ತುಹೋದರೆ ಕೆಳಗಿನ ಸೇತುವೆಗೆ ಹೋಗಿ ಬಡಿಯುವ ಮತ್ತೊಂದು ದಿಮ್ಮಿಯಾಗುತ್ತದೆ. ಬೆಳ್ತಂಗಡಿ ಕಡೆಯ ಕಿಂಡಿ ಅಣೆಕಟ್ಟುಗಳಲ್ಲಿ ಮಳೆಗಾಲದಲ್ಲಿ ಮರಗಳು ಸಿಕ್ಕಿಕೊಂಡು, ಹರಿವು ತಡೆದು, ನೀರು ಪಕ್ಕದ ತೋಟಗಳಿಗೆ ನುಗ್ಗುವುದನ್ನು ಅಲ್ಲಿಯವರು ಬಲ್ಲರು. ಇನ್ನು ಮರಳು. ಕೊಳಂಬೆಯಲ್ಲಿ ಬಿದ್ದಂತೆ ನೆಲದ ಮೇಲೆ ಮರಳು ಕೂತುಬಿಟ್ಟರೆ, ಎದ್ದ ಮನೆಗೆ ಮರಳಿ ಕೂರಲು ತನ್ನ ಜಾಗವೇ ಇರುವುದಿಲ್ಲ.

ಹಾಗಾಗಿ ಘಟ್ಟದ ಬುಡದ ಊರುಗಳಿಗೆ ತೇಲುವ ಮನೆಯ ಮಾತು ಆಡುವುದೇ ತಪ್ಪು ಎಂದು ನಾನು ಹೇಳುತ್ತೇನೆ. ಅಲ್ಲಿ ಬೇಕಾದದ್ದು ಹೊಳೆಯ ದಾರಿಯಿಂದ ಮನೆ ಮೇಲೆ ಹೋಗುವುದು, ಮತ್ತು ಘಟ್ಟದ ಇಳಿಜಾರನ್ನು ರಸ್ತೆಗಾಗಿ, ತೋಟಕ್ಕಾಗಿ, ರೆಸಾರ್ಟಿಗಾಗಿ ಕೆದಕದಿರುವುದು. 2019ರ ಬಳಿಕ ಕೊಳಂಬೆಯನ್ನು ಮತ್ತೆ ಎಬ್ಬಿಸಿದ್ದು ಜನರ ಕೈಗಳು. ಉಜಿರೆಯ ‘ಬದುಕು ಕಟ್ಟೋಣ ಬನ್ನಿ’ ತಂಡದ ಹುಡುಗರು ಗದ್ದೆ, ಅಂಗಳಗಳಿಂದ ಮರಳು, ಕೆಸರು ಎತ್ತಿದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳು ಹುಟ್ಟಿಕೊಂಡದ್ದೂ ಆ ನೆರೆಯ ಮರುವರ್ಷವೇ. ಅಣೆಕಟ್ಟುಗಳಲ್ಲಿ ಸಿಕ್ಕಿದ ಮರ ತೆಗೆಯಲು ಈಗ ಅವರೇ ಮೊದಲು ನೀರಿಗಿಳಿಯುವವರು. ಈ ಕೆಲಸಕ್ಕೆ ಯಾವ ತಂತ್ರಜ್ಞಾನದ ಹೆಸರೂ ಇಲ್ಲ. ಆದರೂ ನೆರೆಯ ಜೊತೆ ಬದುಕುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ.

ಬಂಟ್ವಾಳಕ್ಕೆ ಬರುವಷ್ಟರಲ್ಲಿ ನದಿ ಬೇರೆಯಾಗಿರುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಕೂಡಿಕೊಂಡಿದೆ, ಹಾಸು ಅಗಲವಾಗಿದೆ, ಇಳಿಜಾರು ಕುಂದಿದೆ. ಕೆಳಗೆ ತುಂಬೆಯ ಅಣೆಕಟ್ಟು, ಇನ್ನೂ ಕೆಳಗೆ ಉಳ್ಳಾಲ–ಬೆಂಗ್ರೆಯ ನಡುವಿನ ಅಳಿವೆ. ಸಮುದ್ರದಲ್ಲಿ ಭರತ ಇದ್ದ ಹೊತ್ತಿಗೇ ಮೇಲಿನ ನೀರು ಬಂದರೆ ಅದು ಬೇಗ ಇಳಿಯಲಾರದು. ನಡುಹೊಳೆಯಲ್ಲಿ ಸೆಳೆತ ಭಯಂಕರವೇ. ಆದರೆ ಆಲಡ್ಕದಂಥ ಪಡ್ಪುಗಳಿಗೆ, ಅಂದರೆ ಹೊಳೆಬದಿಯ ತಗ್ಗು ಬಯಲುಗಳಿಗೆ, ನೀರು ತಗ್ಗಿನ ತೋಡುಗಳ ಮೂಲಕ ಹಿಂದಕ್ಕೆ ಒತ್ತಿ ಏರುತ್ತದೆ. ಉಪ್ಪಿನಂಗಡಿಯಲ್ಲಿ ನೀರು ಎಷ್ಟಿದೆ ಎಂದು ಫೋನಿನಲ್ಲಿ ಕೇಳಿಕೊಂಡು, ಮೆಟ್ಟಿಲು ಎಣಿಸಿಕೊಂಡು, ಸಾಮಾನು ಸಾಗಿಸಲು ಇಲ್ಲಿಯ ಜನಕ್ಕೆ ಕೆಲವು ಗಂಟೆಗಳಾದರೂ ಸಿಗುತ್ತವೆ. ತೇಲುವ ಮನೆಗೆ ಬೇಕಾದ ನಡತೆಯ ನೀರು ಮೂರು ತಾಲೂಕಿನಲ್ಲಿ ಎಲ್ಲಾದರೂ ಇದ್ದರೆ ಇಲ್ಲೇ.

ಆದರೆ ಎಂಥ ಮನೆ? ನಮ್ಮದು ಕೆಂಪುಕಲ್ಲಿನ ನಾಡು. ಎಂಬತ್ತು ಚದರ ಮೀಟರಿನ ಒಂದು ಕೆಂಪುಕಲ್ಲಿನ, ಕಾಂಕ್ರೀಟ್ ತಾರಸಿಯ ಮನೆ ನೂರು ಟನ್ನಿಗೂ ಹೆಚ್ಚು ತೂಗುತ್ತದೆ. ಅಷ್ಟೇ ಅಗಲದ ತೊಟ್ಟಿಯ ಮೇಲೆ ಅದನ್ನು ತೇಲಿಸಬೇಕಾದರೆ ತೊಟ್ಟಿಯ ತೂಕ ಸೇರಿಸದೆಯೇ ಒಂದೂಕಾಲು ಮೀಟರ್ ಮುಳುಗಬೇಕು, ಅಂದರೆ ಅಷ್ಟು ನೀರು ಬರುವವರೆಗೆ ಮನೆ ಅಲುಗದು. ಅದೇ ಬಿದಿರು, ಹಗುರ ಕಬ್ಬಿಣ, ಸಿಮೆಂಟ್ ಶೀಟುಗಳಲ್ಲಿ ಕಟ್ಟಿ ಒಟ್ಟು ಮೂವತ್ತು ಟನ್ನಿಗೆ ಇಳಿಸಿದರೆ ನಲವತ್ತು ಸೆಂಟಿಮೀಟರ್ ನೀರು ಸಾಕು. ಲೆಕ್ಕ ಸರಿ, ಆದರೆ ಮನೆ ಎಂದರೆ ಕೆಂಪುಕಲ್ಲು ಎಂದು ತಲೆಮಾರುಗಳಿಂದ ನಂಬಿದ ಊರಿನಲ್ಲಿ ಶೀಟಿನ ಮನೆಗೆ ಮರ್ಯಾದೆ ಇಲ್ಲ. ಬಡವರಿಗೆ ಮಾತ್ರ ಶೀಟಿನ ಮನೆ ಕೊಟ್ಟರೆ ಅವರು ಬೇಡ ಎಂದಾರು. ಹಾಗೆ ಹೇಳಿದರೆ ತಪ್ಪೂ ಇಲ್ಲ.

ಇದಕ್ಕಿಂತ ಕಷ್ಟದ ಮಾತು ಮನೆಯ ಸುತ್ತಲಿನದು. ತುಳುನಾಡಿನ ಮನೆ ನಾಲ್ಕು ಗೋಡೆಗೆ ಮುಗಿಯುವುದಿಲ್ಲ. ಬಾವಿ ಇದೆ, ಹಟ್ಟಿ ಇದೆ, ಅಡಿಕೆ ಒಣಗಿಸುವ ಅಂಗಳ, ತುಳಸಿಕಟ್ಟೆ, ಹಿಂದೆ ನಾಗಬನ, ಪಕ್ಕದಲ್ಲಿ ದೈವದ ಗುಡಿ. ಮನೆ ಎದ್ದು ಉಳಿದರೂ ಬಾವಿಗೆ ಕೊಳಚೆ ಸೇರಿದರೆ ಕುಡಿಯುವುದೇನನ್ನು? ಪಾಯಿಖಾನೆಯ ಗುಂಡಿ ಮುಳುಗಿದ ಕೂಡಲೇ ಮೇಲಿನ ಮನೆ ಇದ್ದೂ ಇಲ್ಲದಂತೆ. ನೆರೆ ಇಳಿದ ಮೇಲೆ ವಾರಗಟ್ಟಲೆ ಕಾಡುವುದು ಇವೇ. ಡಚ್ಚರ ಬಾಗುವ ಕೊಳವೆ ಕೆಲಸ ಮಾಡುವುದು ಊರಿಗೆಲ್ಲ ಒಳಚರಂಡಿ ಇದ್ದಾಗ.

ಹಿಂದಿನವರು ಏನು ಮಾಡಿದ್ದರು ಎಂಬುದನ್ನೂ ನೋಡಬೇಕು, ಹೊಗಳುವುದಕ್ಕಲ್ಲ, ಅಳೆಯುವುದಕ್ಕೆ. ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಮಟ್ಟದಲ್ಲಿ ವಿಂಗಡಿಸಿ, ನೀರು ನಿಲ್ಲುವ ಬೈಲನ್ನು ಬೆಳೆಗೆ ಬಿಟ್ಟು, ಮನೆಯನ್ನು ಅದರ ಮೇಲಿನ ಅಂಚಿನಲ್ಲಿ ಕಟ್ಟುತ್ತಿದ್ದರು. ಎತ್ತರದ ಜಗಲಿ, ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ. ಭತ್ತ ಪತ್ತಾಯದಲ್ಲಿ. ಬಂಟ್ವಾಳ ಪೇಟೆಯ ಕತೆ ಬೇರೆ. ಅದು ನದಿಯಿಂದಲೇ ಬದುಕಿದ ಪೇಟೆ, ಮಂಗಳೂರಿನಿಂದ ದೋಣಿಯಲ್ಲಿ ಬಂದ ಸರಕು ಇಲ್ಲಿಳಿದು ಎತ್ತುಗಳ ಮೇಲೆ ಘಟ್ಟ ಹತ್ತುತ್ತಿತ್ತು. ನೀರಿಗೆ ಹತ್ತಿರ ಇರಲೇಬೇಕಾದ ವ್ಯಾಪಾರಿಗಳು ಉಪ್ಪರಿಗೆ ಕಟ್ಟಿಸಿ, ನೆರೆಗೆ ಕೆಳಗಿನ ಅಂಗಡಿ ಬಿಟ್ಟು ಮೇಲೆ ಹತ್ತಿದರು. ಈ ಏರ್ಪಾಡಿಗೂ ಮಿತಿ ಇತ್ತು. 1923ರ ಮಾರಿನೆರೆ, 1974ರ ನೆರೆ ಅದನ್ನೆಲ್ಲ ಮೀರಿ ಬಂದವು. ಮಣ್ಣಿನ ಗೋಡೆಗಳು ಬುಡ ನೆನೆದು ಕುಸಿದವು. ಮುಂದೆ ಹೆದ್ದಾರಿಯ ಕೂಡುದಾರಿ ಬಿ.ಸಿ.ರೋಡಿನಲ್ಲಿ ಹೊಸ ಪೇಟೆ ಬೆಳೆಯಿತು, ತಾಲೂಕು ಕಚೇರಿಗಳೂ ಅಲ್ಲಿಯೇ ಇವೆ. ವ್ಯಾಪಾರ ಮೇಲೆ ಹತ್ತಿತು, ಸರಕಾರ ಹತ್ತಿತು. ಅಗ್ಗದ ಜಾಗ, ಅಗ್ಗದ ಬಾಡಿಗೆ ಹುಡುಕುವವರು ಪಡ್ಪುಗಳಲ್ಲಿ ಉಳಿದರು.

ನೆರೆಯ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇವರೇ. 2019ರಲ್ಲಿ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೀರು ನುಗ್ಗಿದ ಕುಟುಂಬಕ್ಕೆ ತುರ್ತಿಗೆ 10 ಸಾವಿರ ರೂಪಾಯಿ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ ಮನೆಯ ಪರಿಹಾರ ಹೋಗುವುದು ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಬಾಡಿಗೆಗಿರುವವರ ಫ್ರಿಜ್ಜು, ಹೊಲಿಗೆಯಂತ್ರ, ಬೀಡಿಯ ಎಲೆ ಯಾವ ಪಟ್ಟಿಗೂ ಸೇರದು. ಹಕ್ಕುಪತ್ರ ಇಲ್ಲದವರ ಪಾಡು ಇನ್ನೂ ಕೆಳಗೆ. ತೇಲುವ ಮನೆಯ ಮಾತು ಇಲ್ಲಿ ಮತ್ತೂ ತೊಡಕಾಗುತ್ತದೆ: ತನ್ನದಲ್ಲದ ನೆಲದಲ್ಲಿ ಯಾರು ಕಂಬ ನೆಡುತ್ತಾರೆ? ಬಿದಿರಿನ ತೇಲುಮನೆಗೆ ಪುರಸಭೆ ಯಾವ ನಂಬರು ಕೊಡುತ್ತದೆ, ಬ್ಯಾಂಕು ಯಾವ ಸಾಲ ಕೊಡುತ್ತದೆ, ವಿಮೆಯವರು ಏನೆನ್ನುತ್ತಾರೆ?

ಹಾಗಾದರೆ ಎತ್ತರಕ್ಕೆ ಸ್ಥಳಾಂತರ ಮಾಡಿಬಿಡೋಣ ಎನ್ನುವವರಿದ್ದಾರೆ. ಅದರ ಅನುಭವವೂ ನಮ್ಮ ರಾಜ್ಯಕ್ಕಿದೆ. 2009ರ ಉತ್ತರ ಕರ್ನಾಟಕದ ನೆರೆಯ ಬಳಿಕ ‘ಆಸರೆ’ ಯೋಜನೆಯಲ್ಲಿ ಹೊಸ ಊರುಗಳೇ ಎದ್ದವು. ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲಿಲ್ಲ, ಹೋದವರು ಕೆಲವರು ಮರಳಿದರು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ನೀರು ಸರಿಯಿಲ್ಲ. 2019ರಲ್ಲಿ ಮಲಪ್ರಭೆ ಮತ್ತೆ ಹಳೆಯ ಊರುಗಳಿಗೆ ನುಗ್ಗಿದಾಗ ಅವರಲ್ಲಿ ಅನೇಕರು ಅಲ್ಲೇ ಇದ್ದರು. ಪಾಣೆಮಂಗಳೂರಿನಲ್ಲಿ ಅಂಗಡಿ ಕೆಲಸಕ್ಕೆ, ಬೀಡಿ ಬ್ರಾಂಚಿಗೆ ನಡೆದು ಹೋಗುವ ಹೆಂಗಸಿಗೆ ಹತ್ತು ಕಿಲೋಮೀಟರ್ ಆಚೆಯ ಗುಡ್ಡೆಯ ಮೇಲಿನ ಐದು ಸೆಂಟ್ಸ್ ಹೇಗೆ ಕಾಣುತ್ತದೆ ಎಂದು ಅವಳನ್ನೇ ಕೇಳಬೇಕು.

ಮೂಡುಬಿದಿರೆಯ ನೀರು ಮತ್ತೊಂದು ಬಗೆಯದು. ನೇತ್ರಾವತಿಗೂ ಅದಕ್ಕೂ ನೇರ ಸಂಬಂಧವಿಲ್ಲ; ಅಲ್ಲಿಯ ಮಳೆ ಬಹುಪಾಲು ಫಲ್ಗುಣಿಗೆ, ಸ್ವಲ್ಪ ಶಾಂಭವಿಗೆ ಇಳಿಯುತ್ತದೆ. ಆದರೆ ಫಲ್ಗುಣಿ ಕೊನೆಗೆ ಸೇರುವುದು ನೇತ್ರಾವತಿಯ ಅಳಿವೆಗೇ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರು ಎಂದು ಮೂಡುಬಿದಿರೆಯನ್ನು ಕರೆಯುವುದುಂಟು. ಬಸದಿಗಳಿಗೆ ಸಿಕ್ಕ ಗಮನ ಕೆರೆಗಳಿಗೆ ಸಿಕ್ಕಿಲ್ಲ. ಕಡಲಕೆರೆ ಕಂಬಳದಿಂದಾಗಿ ಹೆಸರು ಉಳಿಸಿಕೊಂಡಿದೆ. ಈ ಕೆರೆಗಳು, ಮೇಲಿನ ತಗ್ಗುಗಳ ಮದಕಗಳು, ಬೈಲುಗದ್ದೆಗಳು ಮಳೆನೀರನ್ನು ತಡೆದು ನಿಲ್ಲಿಸುವ ಜಾಗಗಳು. ಒಂದು ಎಕರೆ ಗದ್ದೆಯ ಹುಣಿ ಹದಿನೈದು ಸೆಂಟಿಮೀಟರ್ ನೀರು ಹಿಡಿದರೆ ಆರು ಲಕ್ಷ ಲೀಟರ್ ನಿಂತಿತು. ಗದ್ದೆ ತೋಟವಾದರೆ ಅದೇ ನೀರನ್ನು ಕಣಿ ತೋಡಿ ಬೇಗ ಹೊರಗೆ ಕಳಿಸುತ್ತೇವೆ. ಗದ್ದೆ ಸೈಟಾದರೆ ಇನ್ನೂ ಬೇಗ.

ಇಲ್ಲೂ ಉತ್ಪ್ರೇಕ್ಷೆ ಬೇಡ. ಬಂಟ್ವಾಳದಿಂದ ಮೇಲಕ್ಕೆ ನೇತ್ರಾವತಿಯ ಜಲಾನಯನ ಮೂರು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲೆಲ್ಲ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 30 ಕೋಟಿ ಘನ ಮೀಟರ್ ನೀರು. ಹತ್ತು ಸಾವಿರ ಎಕರೆ ಗದ್ದೆ ಹಿಡಿಯುವುದು ಅದರಲ್ಲಿ ಶೇಕಡಾ 2ರಷ್ಟು. ಕೆರೆ, ಗದ್ದೆ ಉಳಿಸಿದರೆ ಊರಿನ ತೋಡು ಉಕ್ಕುವುದು ಕಡಿಮೆಯಾದೀತು, ಬೇಸಿಗೆಗೆ ಬಾವಿ ತುಂಬೀತು. 1974 ಅಥವಾ 2019ರಂಥ ನೆರೆ ನಿಲ್ಲದು. ಅವು ಬರುತ್ತವೆ ಎಂದುಕೊಂಡೇ ಮನೆಯ ಬಗ್ಗೆ ಯೋಚಿಸಬೇಕು.

ನಮ್ಮಲ್ಲಿ ಋತುವಿಗೆ ತಕ್ಕಂತೆ ಕಟ್ಟಿ ಬಿಚ್ಚುವ ಒಂದು ವಿದ್ಯೆ ಇದೆ. ನವೆಂಬರ್–ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ಹೊಳೆಗೆ ಕಟ್ಟ ಹಾಕುತ್ತೇವೆ, ಜೂನಿನ ಹೊಳೆ ಅದನ್ನು ಕೊಂಡೊಯ್ಯುತ್ತದೆ, ಮರುವರ್ಷ ಮತ್ತೆ ಹಾಕುತ್ತೇವೆ. ಪತ್ರಕರ್ತ ಶ್ರೀ ಪಡ್ರೆಯವರು ಈ ಕಟ್ಟಗಳ ಬಗ್ಗೆ ಬರೆದು ನಾಡಿಗೆ ತೋರಿಸಿದರು. ಬಾಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ನದೀದ್ವೀಪಗಳ ಜನಕ್ಕಾಗಿ ರೂಪಿಸಿದ, ಬಿಚ್ಚಿ ಬೇರೆಡೆ ಜೋಡಿಸಬಹುದಾದ ಬಿದಿರಿನ ‘ಖುದಿ ಬಾರಿ’ ಮನೆಯ ಹಿಂದೆಯೂ ಇದೇ ಬುದ್ಧಿ ಇದೆ. ಅದಕ್ಕೆ 2025ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಅಸ್ಸಾಮಿನ ಮಿಸಿಂಗ್ ಜನರ ಚಾಂಗ್‌ಘರ್ ಕಂಬಗಳ ಮೇಲಿನ ಮನೆ; ಹೆಚ್ಚು ನೆರೆ ಬರುತ್ತಿದೆ ಎಂದು ಕಂಡರೆ ಅವರು ಮನೆಯ ನೆಲವನ್ನೇ ಎತ್ತಿ ಕಟ್ಟಿಕೊಳ್ಳುತ್ತಾರೆ.

ಇವನ್ನೆಲ್ಲ ಇಟ್ಟು ತೂಗಿದರೆ ಬಂಟ್ವಾಳದ ಪಡ್ಪುಗಳಿಗೆ ನನಗೆ ಕಾಣುವ ದಾರಿ ಕಂಬದ ಮನೆ. ಪೇಟೆಯ ಫ್ಲ್ಯಾಟುಗಳಲ್ಲಿ ಕಾರು ನಿಲ್ಲಿಸಲು ಕೆಳಗಿನ ಅಂತಸ್ತು ಖಾಲಿ ಬಿಡುವುದನ್ನು ನಮ್ಮ ಮೇಸ್ತ್ರಿಗಳು ಚೆನ್ನಾಗಿ ಬಲ್ಲರು. ಅದನ್ನೇ ಪಡ್ಪಿನಲ್ಲಿ 2019ರ ಮಟ್ಟಕ್ಕಿಂತ ಒಂದಡಿ ಮೇಲೆ, ನೀರು ಹಾದುಹೋಗುವಂತೆ ತೆರೆದ ಕಂಬಗಳ ಮೇಲೆ ಕಟ್ಟಿದರೆ ಹೊಸ ತಂತ್ರವೇನೂ ಬೇಕಿಲ್ಲ, ಬ್ಯಾಂಕು ಗೊಂದಲಪಡುವುದಿಲ್ಲ, ಮರ್ಯಾದೆಗೂ ಕುಂದಿಲ್ಲ. ಸರಕಾರದ ವಸತಿ ಯೋಜನೆಗಳ ನಕ್ಷೆಯಲ್ಲಿ ನೆರೆಪ್ರದೇಶಕ್ಕೆಂದು ಹೀಗೊಂದು ಮಾದರಿ ಸೇರಿಸಿ, ಕಂಬಗಳ ಹೆಚ್ಚಿನ ಖರ್ಚನ್ನು ಸರಕಾರವೇ ಕೊಡಬೇಕು. ನೆರೆಯ ಮಟ್ಟದ ಮೇಲೆ ಕಟ್ಟೆ ಏರಿಸಿದ ಬಾವಿ, ಎತ್ತರಕ್ಕಿಟ್ಟ ಮುಚ್ಚಿದ ಶೌಚದ ಟ್ಯಾಂಕಿ ಅದರ ಜೊತೆಗೇ ಬರಬೇಕು. ಬಾಡಿಗೆದಾರರ ಹೆಸರೂ ಪರಿಹಾರದ ಪಟ್ಟಿಗೆ ಸೇರಬೇಕು.

ತೇಲುವುದಕ್ಕೆ ಜಾಗವೇ ಇಲ್ಲವೆಂದಲ್ಲ. ಎತ್ತರದ ಮನೆಗೆ ಮನುಷ್ಯರು ಹತ್ತಬಹುದು, ದನ ಹತ್ತಲಾರದು. ನೆರೆಯ ರಾತ್ರಿ ಹಗ್ಗ ಬಿಚ್ಚಿ ದನಗಳನ್ನು ಕತ್ತಲಿಗೆ ಬಿಟ್ಟುಬಿಡಬೇಕಾದ ಸಂಕಟ ಹೊಳೆಬದಿಯ ಮನೆಗಳಿಗೆ ಗೊತ್ತು. ಎರಡು ದನ, ಒಂದು ಕರು, ನಾಲ್ಕು ಕಟ್ಟು ಹುಲ್ಲು, ಒಂದು ಗೋಣಿ ಹಿಂಡಿ ಸೇರಿದರೆ ಎರಡು ಟನ್ನೂ ಆಗುವುದಿಲ್ಲ. ಮುಚ್ಚಳ ಬಿಗಿದ ಇನ್ನೂರು ಲೀಟರಿನ ಖಾಲಿ ಡ್ರಮ್ಮುಗಳು ಹದಿನೆಂಟಿಪ್ಪತ್ತು ಇದ್ದರೆ ತಟ್ಟಿಯ ನೆಲದ ಸಮೇತ ಅಷ್ಟನ್ನು ಎತ್ತಿಹಿಡಿದಾವು. ನಾಲ್ಕು ಮೂಲೆಗೆ ನಾಲ್ಕು ಮೀಟರಿನ ಕಬ್ಬಿಣದ ಕಂಬ, ಕಂಬಕ್ಕೆ ಸಡಿಲ ಬಳೆ. ಮೂಡುಬಿದಿರೆ, ಉಜಿರೆ, ಸುರತ್ಕಲ್‌ಗಳಲ್ಲಿ ಎಂಜಿನಿಯರಿಂಗ್ ಓದುವ ಸಾವಿರಾರು ಮಕ್ಕಳು ಪ್ರತಿವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಆಲಡ್ಕದ ಒಂದು ಹಟ್ಟಿಯನ್ನು ತೆಗೆದುಕೊಂಡು, ಮನೆಯವರನ್ನು ಕೂರಿಸಿಕೊಂಡು ನಕ್ಷೆ ಬರೆದು, ಮೇ ತಿಂಗಳೊಳಗೆ ಕಟ್ಟಿ, ಜುಲೈಯಲ್ಲಿ ಅದರ ಪಕ್ಕ ನಿಂತು ನೀರಿನ ಎತ್ತರದ ಜೊತೆಗೆ ವೇಗವನ್ನೂ ಗಂಟೆಗಂಟೆಗೆ ಬರೆದಿಡಲಿ. ಅದು ನಾಲ್ಕು ಮಳೆಗಾಲ ಎದ್ದು ಇಳಿದರೆ, ಮನೆಯ ಮಾತನ್ನು ಆಮೇಲೆ ಎತ್ತಬಹುದು.